ಪಾದ ನೋಡಿ ಹೊಡೆತ ಹೇಳುವ ಕುಂಜೆಸ್

ಬುಧವಾರ, ಬೆಳಗಿನ ಐದು ಗಂಟೆ. ಸಿಂಧೂ ದಡದ ಊರಿನ ಕೆರೆ ಹೆಪ್ಪುಗಟ್ಟಿ ಕಲ್ಲಾಗಿ ಮಲಗಿದೆ. ಐವತ್ತೆಂಟರ ಕುಂಜೆಸ್ ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ಡಬ್ಬಕ್ಕೆ ನೀರೆತ್ತಿ, ನಿನ್ನೆಯ ಸ್ಕೇಟ್ ಗೀರುಗಳು ಮುಚ್ಚುವಂತೆ ತೆಳ್ಳಗೆ ಚೆಲ್ಲುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ದಿನಕ್ಕೆ ನಲವತ್ತು ಡಬ್ಬ. ಬಿಸಿಲು ಬೆಟ್ಟದ ತಲೆ ಮುಟ್ಟುವುದರೊಳಗೆ ಮುಗಿಯಬೇಕು. ತಡವಾದರೆ ನೀರು ಸರಿಯಾಗಿ ಹೆಪ್ಪುಗಟ್ಟದೆ ಮೇಲ್ಮೈ ಗುಳ್ಳೆ ಏಳುತ್ತದೆ, ಆಡುವ ಹುಡುಗಿಯರ ಕಾಲಿಗೆ ಕುತ್ತು.

ಆರಕ್ಕೆ ಚೋರೋಲ್ ಬರುತ್ತಾಳೆ. ಹತ್ತೊಂಬತ್ತು ವರ್ಷ. ಶನಿವಾರ ಲೇಹ್‌ನಲ್ಲಿ ಕಿರಿಯರ ಐಸ್ ಹಾಕಿ ತಂಡಕ್ಕೆ ಆಯ್ಕೆ. ಇಪ್ಪತ್ತು ತುಂಬಿದರೆ ಆ ಬಾಗಿಲು ಮುಚ್ಚಿದಂತೆಯೇ. ಹೋದ ವರ್ಷ ಅವಳು ಹೊಡೆದ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಗೋಲಿನವರೆಗೆ ತೆವಳಿಕೊಂಡು ಹೋಗಿತ್ತು. "ತೋಳಲ್ಲಿ ಕಸುವಿಲ್ಲ" ಅಂದಿದ್ದರು ಆರಿಸುವವರು. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಹುಡುಗಿ ಬೇಸಿಗೆಯೆಲ್ಲ ಕಲ್ಲೆತ್ತಿದಳು, ದಂಡ ಹೊಡೆದಳು. ತೋಳು ಒನಕೆಯಾಯಿತು. ಹೊಡೆತ ಮಾತ್ರ ಇನ್ನೂ ಸೊರಗಿತು.

ಆಮೇಲೆ ಕುಂಜೆಸ್ ಅವಳ ಕೋಲು ಕಸಿದು ಅಟ್ಟದ ಮೇಲಿಟ್ಟರು.

"ಅಬಿ-ಲೆ, ಇವತ್ತಿಗೆ ಇಪ್ಪತ್ತು ದಿನ ಆಯ್ತು. ನನ್ನನ್ನೇನು ಸನ್ಯಾಸಿನಿ ಮಾಡ್ತೀರಾ?" ಎಂದು ಚೋರೋಲ್ ಸಿಡುಕುತ್ತಾಳೆ. ಅವರ ಬಳಿ ಆಟ ಕಲಿಯುವ ಊರ ಹುಡುಗಿಯರಿಗೆಲ್ಲ ಕುಂಜೆಸ್ ಅಬಿ, ಅಂದರೆ ಅಜ್ಜಿ; 'ಲೆ' ಗೌರವಕ್ಕೆ.

"ಇಷ್ಟು ಬಾಯಿ ಇರೋಳನ್ನ ಯಾವ ಮಠದವ್ರೂ ಸೇರಿಸ್ಕೊಳ್ಳಲ್ಲ. ಬೂಟು ಬಿಚ್ಚು."

ಕುಂಜೆಸ್ ಅವರ ಅಡುಗೆಮನೆಯ ಮಣ್ಣುನೆಲದ ಮೇಲೆ ಬರಿಗಾಲು. ಬೆನ್ನಿಗೆ ಕಲ್ಲು ತುಂಬಿದ ಬುಟ್ಟಿ. ಮೊದಲು ಅರವತ್ತು ಬೈಠಕ್. ಆಮೇಲೆ ಕಣ್ಣು ಮುಚ್ಚಿ ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ಮೆಲ್ಲಗೆ ತರಬೇಕು. ಭಾರ ಎಲ್ಲಿ ಕೂತಿದೆ ಎಂದು ಬಾಯಿಬಿಟ್ಟು ಹೇಳುತ್ತಲೇ ಇರಬೇಕು: ಹಿಮ್ಮಡಿ, ಪಾದದ ಒಳ ಅಂಚು, ಹೆಬ್ಬೆರಳ ಬುಡ. ಆಗ ಸೊಂಟ ತಾನಾಗಿ ತಿರುಗುತ್ತದೆ.

"ಕೈ ಅನ್ನೋದು ಬರೀ ಬಾಗಿಲು ಕಣೇ. ಬಲ ಒಳಮನೆಯಿಂದ ಬರ್ಬೇಕು," ಎನ್ನುತ್ತಾರೆ ಕುಂಜೆಸ್.

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಅವರ ಕಾಲದಲ್ಲಿ ಹೆಣ್ಣುಮಕ್ಕಳ ಕೈಗೆ ಕೋಲು ಕೊಡುತ್ತಿರಲಿಲ್ಲ. ಗಂಡುಹುಡುಗರಿಗೆ ಗೋಲು ಕಾಯಲು ಆಳು ಬೇಕಿತ್ತು, ಹನ್ನೆರಡರ ಕುಂಜೆಸ್ ಅಪ್ಪನ ಉಣ್ಣೆ ನಿಲುವಂಗಿಯೊಳಗೆ ಹುಲ್ಲು ತುರುಕಿಕೊಂಡು ನಿಂತರು. "ಏಟು ತಿನ್ನೋಳಿಗೆ ಬೇಗ ಬುದ್ಧಿ ಬರುತ್ತೆ. ಕೈ ಬೀಸೋನ ಏಟು ನೋಯ್ತಿರಲಿಲ್ಲ. ಕಾಲೂರಿ ಹೊಡೆಯೋನ ಏಟಿಗೆ ಎರಡು ದಿನ ಮಗ್ಗಲು ಬದಲಿಸೋಕಾಗ್ತಿರಲಿಲ್ಲ." ಮುಂದೆ ಇಪ್ಪತ್ತೆರಡು ವರ್ಷ ರಸ್ತೆ ಕೆಲಸದಲ್ಲಿ ಕಲ್ಲು ಹೊತ್ತರು. ಕಾಲು, ಸೊಂಟ, ಬೆನ್ನು ಒಂದಾಗದಿದ್ದರೆ ಹೊರೆ ಮನುಷ್ಯರನ್ನು ಉರುಳಿಸುತ್ತದೆ ಎಂಬುದನ್ನು ಆ ದಾರಿ ಕಲಿಸಿತು.

ಇವತ್ತು ಕೋಲು ಅಟ್ಟದಿಂದ ಇಳಿಯಿತು. ಮಣ್ಣುನೆಲದ ಮೇಲೆ ಬಂದದ್ದು ಮಂಜುಗಡ್ಡೆಯ ಮೇಲೆ ಬರಲಿಲ್ಲ. ಹತ್ತು ಸಲ ಹೊಡೆದರೂ ಹತ್ತೂ ಸಪ್ಪೆ. ಚೋರೋಲ್ ಕಣ್ಣು ತುಂಬಿಕೊಂಡಳು. ಕುಂಜೆಸ್ ಮಂಜುಗಡ್ಡೆಯ ಮೇಲೆ ಬೋರಲು ಮಲಗಿ ಅವಳ ಬೂಟನ್ನೇ ನೋಡುತ್ತಾರೆ.

"ಬೂಟೊಳಗೆ ಬೆರಳು ಏನ್ಮಾಡ್ತಿವೆ?"

"ಗಟ್ಟಿಯಾಗಿ ಹಿಡ್ಕೊಂಡಿವೆ. ಇಲ್ದಿದ್ರೆ ಬೂಟೇ ಕಳಚ್ಕೊಳ್ಳುತ್ತೆ."

ಹನ್ನೆರಡು ಹುಡುಗಿಯರಿಗೆ ಇರುವುದು ಐದು ಜೊತೆ ಸ್ಕೇಟ್ ಬೂಟು, ಸೈನ್ಯದ ಗಂಡಸರು ತೊಟ್ಟು ಬಿಟ್ಟವು. ದೊಡ್ಡದಾದ ಬೂಟಿನ ಮೂತಿಗೆ ಉಣ್ಣೆ ತುರುಕುವುದು ಮೊದಲಿಂದ ಬಂದ ವಾಡಿಕೆ. ಮೂತಿ ತುಂಬಿದರೆ ಹಿಮ್ಮಡಿ ಜಾರುತ್ತದೆ, ಬೆರಳು ಬಿಗಿಯುತ್ತವೆ, ಮೊಣಕಾಲು ಕೀಲು ಹಿಡಿದಂತಾಗುತ್ತದೆ. ಆಮೇಲೆ ಸೊಂಟ ತಿರುಗುವುದೆಲ್ಲಿಂದ?

ಕುಂಜೆಸ್ ಎದ್ದು ಕೂತು ಹಣೆ ಚಚ್ಚಿಕೊಳ್ಳುತ್ತಾರೆ. "ನಾನೇ ಕಣೇ ಹೇಳಿಕೊಟ್ಟಿದ್ದು, ಮುಂದೆ ತುರುಕಿ ಅಂತ! ಎಷ್ಟು ಹುಡುಗೀರ ಹೊಡೆತ ಕೆಡಿಸಿದ್ನೋ."

ಮಧ್ಯಾಹ್ನವೇ ಒಲೆಯ ಮೇಲೆ ನೀರು ಕಾಯುತ್ತದೆ. ಕುರಿ ಉಣ್ಣೆಯನ್ನು ಬಿಸಿನೀರಲ್ಲಿ ಅದ್ದಿ, ಉಜ್ಜಿ, ಒತ್ತಿ ಹಿಮ್ಮಡಿಗೆ ಬಟ್ಟಲಿನಂಥ ಮೆತ್ತೆ ಮಾಡಿ ಒಣಗಿಸುತ್ತಾರೆ. ಗುರುವಾರ ಬೆಳಿಗ್ಗೆ ಅದನ್ನು ತೊಟ್ಟ ಚೋರೋಲ್ ಬೆರಳು ಸಡಿಲ ಬಿಟ್ಟು ಹೊಡೆದಾಗ ಗೋಲಿನ ಹಿಂದಿನ ತಗಡು ಊರಿಗೆ ಊರೇ ಕೇಳುವಂತೆ ಢಣ್ ಎನ್ನುತ್ತದೆ. ಶುಕ್ರವಾರ ನೂರು ಹೊಡೆತ. ಒಂದು ತಪ್ಪಿದರೆ ಮತ್ತೆ ಬರಿಗಾಲಲ್ಲಿ ಮಣ್ಣುನೆಲಕ್ಕೆ.

ಶನಿವಾರ ಕುಂಜೆಸ್ ಲೇಹ್‌ಗೆ ಹೋಗುವುದಿಲ್ಲ. ಉಳಿದ ಹನ್ನೊಂದು ಹುಡುಗಿಯರ ಹಿಮ್ಮಡಿಗೂ ಮೆತ್ತೆ ಆಗಬೇಕು. ಮೂರು ಗಂಟೆಗೆ ಫೋನು.

"ಅಬಿ-ಲೆ! ಐದರಲ್ಲಿ ನಾಲ್ಕು ಗೋಲು! ತಂಡಕ್ಕೆ ನನ್ನ ಹೆಸರು ಓದಿದ್ರು!"

"ಐದನೇದು?"

"ಕಂಬಕ್ಕೆ ಬಡೀತು."

"ಅವಸರ ಮಾಡಿರ್ತೀಯ. ಏನಾದ್ರೂ ತಿಂದ್ಯಾ?"

ಫೋನಿಟ್ಟು ಬಹಳ ಹೊತ್ತು ಉಣ್ಣೆ ಒತ್ತುತ್ತಲೇ ಇರುತ್ತಾರೆ. ಮೊದಲಿಗಿಂತ ಜೋರಾಗಿ.

ಏನಾದರೂ ಆಸೆ ಇದೆಯೇ ಎಂದರೆ ಅವರಿಗೆ ನಗು. "ಅವಳು ಆಡೋ ದಿನ ಜನರ ನಡುವೆ ಕೂತು ಒಂದು ಆಟ ಪೂರ್ತಿ ನೋಡ್ಬೇಕು. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೂತು ನೋಡಿಲ್ಲ. ಅವತ್ತು ಮಾತ್ರ ಯಾರೂ ಬಂದು, ಅಬಿ-ಲೆ, ಮಂಜು ಗೋರೋ ಸಲಿಕೆ ಎಲ್ಲಿಟ್ರಿ ಅಂತ ಕೇಳ್ಬಾರ್ದು."