ಕಟಿಂಗ್ ಮಾಸ್ಟರ್ ಬಾಯಿ ಬಿಟ್ಟಿದ್ದು

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಮಾಸ್ಟರ್. ಎಂಬತ್ತು ಪದರ ಬಟ್ಟೆ ಹಾಸಿ, ಕತ್ತರಿಸುವ ಮಷಿನ್ ಓಡಿಸಿದನೆಂದರೆ ಮೇಲಿನ ತೋಳಿಗೂ ಅಡಿಯ ತೋಳಿಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಕುಡಿಯುತ್ತಾನೆಂಬುದು ಗುಟ್ಟೇನಲ್ಲ. "ಮಾಸ್ಟರಿಗೆ ಎಣ್ಣೆ ಬಿದ್ರೇನೇ ಮಷಿನ್ ಸಲೀಸು" ಎಂದು ಹೊಲಿಗೆಯವರು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ.

ಹೆಂಡತಿಯ ತಮ್ಮನನ್ನು ತಾನೇ ಕರೆತಂದು ಅಲ್ಲಿಗೆ ಸೇರಿಸಿದ್ದ. ಎರಡು ಮಕ್ಕಳ ತಂದೆ, ಒಂದಕ್ಕೆರಡು ಮಾತಾಡುವವನಲ್ಲ. ಬಟ್ಟೆ ಜರುಗದಂತೆ ಅಂಚನ್ನು ಒತ್ತಿ ಹಿಡಿಯುವುದು ಅವನ ಕೆಲಸ. ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವನು, "ಭಾವ, ತಡೀರಿ, ಇಲ್ಲಿ ಸುಕ್ಕಾಗಿದೆ" ಎಂದ. ಮಾತು ಮಾಸ್ಟರ್ ಕಿವಿಗೆ ಬಿತ್ತು, ಕೈಗೆ ಮುಟ್ಟಲಿಲ್ಲ. ಮಷಿನ್ ಮುಂದಕ್ಕೆ ಹೋಯಿತು. ಭಾಮೈದನ ಬಲಗೈಯ ಎರಡು ಬೆರಳು ಬುಡಕ್ಕೇ ಹೋದವು. ಎಂಬತ್ತು ಪದರವೂ ನೆನೆಯಿತು.

ಮ್ಯಾನೇಜರ್ ಓಡಿಬಂದಾಗ ಮಾಸ್ಟರ್ ಬಾಯಲ್ಲಿ ಏಲಕ್ಕಿ ಇತ್ತು. "ನಾನು ಬೇಡ ಅಂದೆ ಸಾರ್. ಅವನೇ ಕೈ ಮುಂದೆ ಹಾಕಿದ."

ಹಾಗೆಂದೇ ವರದಿ ಬರೆದರು. ಆಸ್ಪತ್ರೆಯಲ್ಲಿ ಅದನ್ನು ಮುಂದೆ ಹಿಡಿದಾಗ ಭಾಮೈದ ಪಕ್ಕದಲ್ಲಿ ನಿಂತಿದ್ದ ಅಕ್ಕನ ಮುಖವನ್ನೊಮ್ಮೆ ನೋಡಿದ. ಎಡಗೈ ಹೆಬ್ಬೆಟ್ಟು ಒತ್ತಿದ. ಗಾಯ ಒಣಗುವ ಮೊದಲೇ, ಎಚ್ಚರಿಕೆಯಿಲ್ಲದೆ ಕೆಲಸ ಮಾಡಿದನೆಂದು ಅವನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು.

ಮಾಸ್ಟರ್ ಆಮೇಲೆ ಮೊದಲಿಗಿಂತ ಹೆಚ್ಚು ಕುಡಿದ. ಹೆಂಡತಿ ಜಗಳಕ್ಕೆ ಬರಲಿಲ್ಲ. ಬೈದಿದ್ದರೆ ಅವನಿಗೂ ಎದುರು ಮಾತು ಸಿಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಮಡಚಿದ ಚೀಟಿಯೊಂದನ್ನು ಮುಂದಿಟ್ಟಳು.

"ಡ್ರೆಸಿಂಗ್ ಮಾಡೋ ಸಿಸ್ಟರ್ ಬರೆದುಕೊಟ್ರು. ಕುಡಿತ ಬಿಡೋರು ಭಾನುವಾರ ಮೂರು ಗಂಟೆಗೆ ಸೇರ್ತಾರಂತೆ. ಹೋಗೋದು ಬಿಡೋದು ನಿಮಗೇ ಸೇರಿದ್ದು. ನನ್ನ ತಮ್ಮ ನನ್ನ ಮುಖ ನೋಡಿ ಸುಮ್ಮನಿದ್ದಾನೆ ರೀ. ಈ ಮುಖ ಹೊತ್ಕೊಂಡು ಅವನ ಮನೆ ಮೆಟ್ಟಿಲು ಹತ್ತೋಕಾಗ್ತಿಲ್ಲ."

ಮೊದಲ ಭಾನುವಾರ ಅವನು ಬೀದಿಯ ಮೂಲೆಯವರೆಗೆ ಹೋಗಿ ಬಾರಿಗೆ ತಿರುಗಿದ. ಮುಂದಿನ ವಾರ ಹೇಗೋ ಮೆಟ್ಟಿಲು ಹತ್ತಿದ. ಸೈಕಲ್ ಅಂಗಡಿಯ ಮೇಲಿನ ಟ್ಯೂಷನ್ ಕೋಣೆ. ಮಕ್ಕಳ ಬೆಂಚು, ಕೂತರೆ ಮಂಡಿ ಎದೆಗೆ ಬರುತ್ತಿತ್ತು. ಬೋರ್ಡಿನ ಮೇಲೆ ಅರ್ಧ ಅಳಿಸಿದ ಮಗ್ಗಿ. ಒಂಬತ್ತು ಜನ ಇದ್ದರು. ನಡೆಸುವವರು ನಿವೃತ್ತ ಪೋಸ್ಟ್‌ಮ್ಯಾನ್, ಹನ್ನೆರಡು ವರ್ಷದಿಂದ ಕುಡಿದವರಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು. ಮಾಸ್ಟರ್ ಸರದಿ ಬಂತು.

"ನನ್ನ ಭಾಮೈದ ಕುಡೀತಾನೆ. ಅವನಿಗೋಸ್ಕರ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ."

ಹೇಳಿದ ಮೇಲೆ ಬೋರ್ಡಿನ ಮಗ್ಗಿಯತ್ತ ಮುಖ ತಿರುಗಿಸಿದ. ಬೆರಳು ಕಿತ್ತುಕೊಂಡದ್ದಲ್ಲದೆ ತನ್ನ ಕುಡಿತವನ್ನೂ ಅವನ ತಲೆಗೇ ಕಟ್ಟಿದ್ದ. ಯಾರೂ ನಗಲಿಲ್ಲ. ಪೋಸ್ಟ್‌ಮ್ಯಾನ್ ಮಾತ್ರ, "ಆಗಲಿ, ಅವರಿಗೋಸ್ಕರಾನೇ ಬರ್ತಾ ಇರಿ" ಎಂದರು.

ಬರುತ್ತಾ ಹೋದ. ಬಿಟ್ಟ ಮೊದಲ ವಾರ ಮೈಯೆಲ್ಲ ಬೆವರುತ್ತಿತ್ತು, ಲೋಟವನ್ನೂ ಹೆಂಡತಿಯೇ ಹಿಡಿದು ನೀರು ಕುಡಿಸಿದಳು. ಎರಡು ಸಲ ಜಾರಿ ಬಿದ್ದ, ಎರಡು ಸಲವೂ ತಲೆ ತಗ್ಗಿಸಿಕೊಂಡು ಅದೇ ಬೆಂಚಿಗೆ ಬಂದ. ಐದನೆಯ ತಿಂಗಳಲ್ಲಿ ಒಂದು ಭಾನುವಾರ, ಯಾರೂ ಕೇಳದೆಯೇ ಬಾಯಿ ಬಿಟ್ಟ. ಸುಕ್ಕು, ಮಷಿನ್, ಏಲಕ್ಕಿ, ಹೆಬ್ಬೆಟ್ಟು, ಎಲ್ಲವನ್ನೂ ಹೇಳಿದ. ಹೇಳಿ ಅತ್ತ.

ಮೆಟ್ಟಿಲಿಳಿಯುವಾಗ ಪೋಸ್ಟ್‌ಮ್ಯಾನ್ ಹೆಗಲ ಮೇಲೆ ಕೈಯಿಟ್ಟರು. "ಹಗುರಾಯ್ತಾ?"

"ಹೂಂ ಸಾರ್."

"ಆಗುತ್ತೆ. ಆದ್ರೆ ನಿಮ್ಮ ಕಾಗದ ಬೇರೆ ವಿಳಾಸಕ್ಕೆ ಹೋಗಬೇಕು. ಇಲ್ಲಿ ಹಾಕಿದ್ರೆ ಮುಟ್ಟಲ್ಲ."

ಒಂಬತ್ತು ದಿನ ಆ ಮಾತು ಅವನನ್ನು ಕೊರೆಯಿತು. ಹತ್ತನೆಯ ದಿನ ಮ್ಯಾನೇಜರ್ ಕೋಣೆಗೆ ಹೋಗಿ, ಅಂದು ತಾನು ಕುಡಿದಿದ್ದೆ, ಹೇಳಿದ್ದು ಸುಳ್ಳು ಎಂದ. ಮ್ಯಾನೇಜರ್ ಬಾಗಿಲು ಹಾಕಿ, "ಮುಗಿದು ಹೋದದ್ದನ್ನ ಯಾಕ್ರೀ ಕೆದಕ್ತೀರಿ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತಿದ್ದೀರಿ" ಎಂದರು. ಮಾಸ್ಟರ್ ಅಲ್ಲಿಂದ ಕದಲಲಿಲ್ಲ. ಎಲ್ಲವನ್ನೂ ಕೈಯಾರೆ ಬರೆದು ಸಹಿ ಹಾಕಿದ. ಇಪ್ಪತ್ತೆರಡು ವರ್ಷದ ಕೆಲಸ ಆ ಸಂಜೆಗೇ ಮುಗಿಯಿತು. ಎರಡು ತಿಂಗಳಾದ ಮೇಲೆ ಭಾಮೈದನನ್ನು ಮತ್ತೆ ಕರೆದು ದಾಸ್ತಾನು ಕೋಣೆಯ ಉಸ್ತುವಾರಿಗೆ ಹಾಕಿದರು. ಎಡಗೈಯಲ್ಲಿ ಬರೆಯುವುದನ್ನು ಅವನು ಅಷ್ಟರಲ್ಲಿ ರೂಢಿ ಮಾಡಿಕೊಂಡಿದ್ದ.

ಹೆಂಡತಿ ತಮ್ಮನ ಮನೆಗೆ ಹೋಗಿ ಬಂದಳು. ಚಪ್ಪಲಿ ಬಿಡುತ್ತಿದ್ದಂತೆಯೇ ಮಾಸ್ಟರ್ ಕೇಳಿದ, "ಏನಂದ?"

ಅವಳು ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟಳು. "ಭಾವ ನಿಜ ಹೇಳಿದ್ದು ಒಳ್ಳೇದಾಯ್ತು ಅಂತ ಹೇಳು ಅಂದ. ಮನೆಗೆ ಮಾತ್ರ ಬರೋದು ಬೇಡ ಅಂತಾನೂ ಹೇಳು ಅಂದ."

ಮಾಸ್ಟರ್ ಹೊರಗೆ ಬಂದ. ಕಾಲು ತಾನಾಗಿ ಬಾರಿನ ದಾರಿ ಹಿಡಿಯಿತು. ಬಾಗಿಲ ಮುಂದೆ ಬಹಳ ಹೊತ್ತು ನಿಂತ. ನಂತರ ಮೂರು ಬೀದಿ ದಾಟಿ ಪೋಸ್ಟ್‌ಮ್ಯಾನ್ ಮನೆಯ ಬಾಗಿಲು ಬಡಿದ. ಅವರು ಅವನ ಮುಖ ನೋಡಿದರು. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, "ಕೂತ್ಕೊಳ್ಳಿ" ಎಂದರು.

ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.