ಅವ್ವನ ಮೂಲೆಯ ಮಣ್ಣು

ಅವ್ವ ತೀರಿಕೊಂಡ ಮೇಲಿನ ಮೊದಲ ಬೇಸಿಗೆಯಲ್ಲಿ, ಪ್ರತಾಪ ನಗರದ ನಮ್ಮ ಮನೆಯ ಬಾವಿ ಬತ್ತಿತು. ಮುಚ್ಚಿಸಿ ಇನ್ನೊಂದು ಕಾರಿಗೆ ಜಾಗ ಮಾಡೋಣ ಎಂದ ಅಣ್ಣ. ಅವ್ವ ಜೀವಮಾನವಿಡೀ ನೀರು ಸೇದಿದ ಬಾವಿ ಅದು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಣ್ಣ ಬ್ಯಾಂಕಿನಲ್ಲಿದ್ದವನು, ಕಣ್ಣೀರಿಗೆ ಬಗ್ಗುವುದಿಲ್ಲ, ಪುರಾವೆ ಕೇಳುತ್ತಾನೆ.

ಮಳೆನೀರು ನಮ್ಮ ನೆಲದಲ್ಲಿ ಇಂಗಿ ಬಾವಿ ಮತ್ತೆ ತುಂಬೀತು ಎಂಬ ಪುರಾವೆಗೆಂದು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ನನ್ನಂಥ ಸಾಮಾನ್ಯರು ತಮ್ಮ ನೆಲ ಎಷ್ಟು ಬೇಗ ನೀರು ಕುಡಿಯುತ್ತದೆಂದು ಅಳೆದು ಅದಕ್ಕೆ ಕಳಿಸುತ್ತಾರೆ. ಬರ ಬಂದರೆ ಯಾವ ನೆಲ ತಾಳಿಕೊಂಡೀತು ಎಂಬುದು ಅದರಿಂದ ತಿಳಿಯುತ್ತದಂತೆ. ಬೇಕಾದದ್ದು ತಳ ಕತ್ತರಿಸಿದ ಡಬ್ಬಿ, ಒಂದು ತಂಬಿಗೆ ನೀರು, ಅಷ್ಟೇ. ದಾಸವಾಳದ ಬುಡದಲ್ಲಿ ಡಬ್ಬಿ ಊರಿ ನೀರು ಸುರಿದೆ. ನೆಲ ಗಟಗಟನೆ ಕುಡಿಯಿತು. ಗೆದ್ದೆನೆಂದು ಅಣ್ಣನನ್ನು ಕೂಗಿದೆ.

"ಇಲ್ಲೇ ಯಾಕ ಅಳದಿ?" ಎಂದ.

"ಯಾವಾಗ್ಲೂ ಮಣ್ಣು ಇಲ್ಲಿಂದನ ತಗೋತೀವಲ್ಲ."

ಹೇಳಿದ ಮೇಲೆ ನನಗೇ ಹೊಳೆಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಅವ್ವ ಮಣ್ಣು ಅಗೆಯುತ್ತಿದ್ದುದು ಅದೇ ಮೂಲೆಯಲ್ಲಿ. ಪೂಜೆಯಾದ ಮೇಲೆ ಎತ್ತುಗಳನ್ನು ನೀರು ಹಾಕಿ ಕರಗಿಸುತ್ತಿದ್ದುದೂ ಅಲ್ಲೇ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ಸಿಪ್ಪೆ, ದೇವರ ಬಾಡಿದ ಹೂವು ಎಲ್ಲವೂ ಅಲ್ಲಿಗೇ. ನಮ್ಮ ಮನೆಯಲ್ಲಿ ಮಣ್ಣು ಎಂದರೆ ಆ ಮೂಲೆ, ಉಳಿದದ್ದು ಬರೀ ಅಂಗಳ.

"ಅಂಗಳದಾಗ ಹಾಕಿ ನೋಡು. ಆವಾಗ ಬರೋಬರ್ ಗೊತ್ತಾಗ್ತೈತಿ," ಎಂದ ಅಣ್ಣ.

ಕಾರು ನಿಲ್ಲುವಲ್ಲಿ ಹಾಕಿದೆ. ಅಣ್ಣ ಒಳಗೆ ಹೋಗಿ ಚಹಾ ಕುಡಿದು ಬಂದ, ನೀರು ಹಾಗೇ ನಿಂತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಬಾವಿಗೆ ನೀರು ಇಳಿಯುವ ದಾರಿಯನ್ನು ನಾವೇ ವರ್ಷಗಟ್ಟಲೆ ತುಳಿದು ಮುಚ್ಚಿದ್ದೆವು. ಆ ಅಳತೆಯನ್ನೂ ಇದ್ದದ್ದು ಇದ್ದ ಹಾಗೆ ಕಳಿಸಿದೆ. ಅಣ್ಣ ಡಬ್ಬಿಯ ಪಕ್ಕದ ಗಟ್ಟಿ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಮಳಿ ಆಗ್ಲಿ, ನೋಡೂಣು," ಎಂದ ಕಡೆಗೆ.

ಅಮಾವಾಸ್ಯೆಗೆ ಎತ್ತು ಈ ಸಲ ನಾನೇ ಮಾಡಿದೆ. ಕೊಂಬು ಸೊಟ್ಟಗಾದವು, ಅವ್ವ ಇದ್ದಿದ್ದರೆ ನಕ್ಕು ತಿದ್ದುತ್ತಿದ್ದಳು. ಮರುದಿನ ಅವನ್ನು ದಾಸವಾಳದ ಬುಡಕ್ಕೆ ಒಯ್ಯಲು ಹೊರಟಾಗ ಅಣ್ಣ ತಟ್ಟೆ ಇಸಿದುಕೊಂಡ. ಕಾರು ಹೊರಗೆ ರಸ್ತೆಯಲ್ಲಿತ್ತು. ಅದು ನಿಲ್ಲುತ್ತಿದ್ದ ಜಾಗವನ್ನು ಬೆಳಿಗ್ಗೆಯೇ ಗುದ್ದಲಿ ಹಿಡಿದು ಅಗೆದಿದ್ದ. ಎತ್ತುಗಳನ್ನು ಅಲ್ಲಿ ಇಳಿಸಿ, ನನ್ನ ಮುಖ ನೋಡದೆ, "ನೀರ ಹಾಕು," ಎಂದ.