ಟಾರ್ಪಾಲಿನೊಳಗೆ ಬೆವೆತ ಸೌದೆ

ಕೂನೂರಿನ ಪಕ್ಕದ ವೆಲ್ಲಿಂಗ್ಟನ್ನಿನ ದಂಡಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಬಂದೂಕು ಮುಟ್ಟಿದವನಲ್ಲ. ಆದರೂ ಅಷ್ಟು ವರ್ಷ ಸಿಪಾಯಿಗಳ ನಡುವೆ ಓಡಾಡಿದ್ದರಿಂದ, ನಮ್ಮ ಹಟ್ಟಿಯಲ್ಲಿ ಶಿಸ್ತು ಗೊತ್ತಿರುವವನು ನಾನೊಬ್ಬನೇ ಎಂಬ ಭ್ರಮೆ ತಲೆಗೇರಿತ್ತು. ಮನೆಯಲ್ಲಿ ಕೂತು ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದ ನನ್ನನ್ನು ತಾಳಲಾರದೆ ಹೆಂಡತಿ ಒಂದು ಕೆಲಸ ಒಪ್ಪಿಸಿದಳು. ಟೀ ತೋಟದ ಅಂಚಿನಲ್ಲಿ ಗಾಳಿಗೆ ಬಿದ್ದ ಕರ್ಪೂರದ ಮರವನ್ನು, ಮೈಸೂರು ಕಡೆಯವರು ನೀಲಗಿರಿ ಮರ ಅನ್ನುತ್ತಾರಲ್ಲ ಅದನ್ನು, ಸೀಳಿಸಿ ಒಟ್ಟಿ ಮಳೆಗಾಲದೊಳಗೆ ಒಣಗಿಸಿಡಬೇಕು.

ಆ ಸೌದೆಗೆ ಘನ ಉದ್ದೇಶವೊಂದಿತ್ತು. ಗೂಡಲೂರಿಗೆ ಕೊಟ್ಟ ಮಗಳು ಹೆರಿಗೆಗೆ ಬರುವವಳಿದ್ದಳು. ಕೂಸಿಗೆ ಎರೆಯಲು ಸೌದೆ ಒಲೆಯ ಮೇಲೆ ಹಂಡೆಯಲ್ಲಿ ಕಾದ ನೀರೇ ಆಗಬೇಕು. ಗೀಸರಿನ ನೀರು ನನ್ನ ಹೆಂಡತಿಯ ಪ್ರಕಾರ ನೀರೇ ಅಲ್ಲ. ಮೊದಲ ಸ್ನಾನದಿಂದ ಹಿಡಿದು ಎಲ್ಲ ಸ್ನಾನಕ್ಕೂ ನನ್ನ ಸೌದೆಯೇ ಎಂದು ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಹಟ್ಟಿಯವರು ಸೌದೆ ಒಟ್ಟುವ ರೀತಿಯ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ. ಕೆಳಗೆ ನಾಲ್ಕು ಕಲ್ಲು, ಮೇಲೆ ತುಕ್ಕು ಹಿಡಿದ ತಗಡು, ತಗಡಿನ ಮೇಲೆ ಮತ್ತೆ ಕಲ್ಲು, ಸುತ್ತ ಬಟಾಬಯಲು. ನಾನು ಕೂನೂರಿನಿಂದ ನೀಲಿ ಟಾರ್ಪಾಲು ತಂದೆ. ಮರ ಸೀಳಿದ ದಿನವೇ ನೆಲದ ಮೇಲೆ ಅಳತೆ ಹಿಡಿದು ಒಟ್ಟಿ, ಮಿಲಿಟರಿ ಲಾರಿಗೆ ಹೊದಿಸುವಂತೆ ಬುಡದವರೆಗೂ ಹೊದಿಸಿ, ಹಗ್ಗ ಬಿಗಿದು, ಗೂಟ ಹೊಡೆದೆ. ಇರುವೆ ನುಸುಳಲೂ ಸಂದು ಬಿಡಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಿಡಿದದ್ದು ಹಸಿ ಸೌದೆಗೆ, ಅದೂ ಏಪ್ರಿಲ್ ಬಿಸಿಲಲ್ಲಿ.

ಪಕ್ಕದ ಮನೆಯ ಮುದುಕಿ, ಹಟ್ಟಿಯವರೆಲ್ಲ ಹೆತ್ತೆ ಎಂದು ಕರೆಯುವ ಅಜ್ಜಿ, ಒಟ್ಟಿಲಿಗೆ ಒಂದು ಪ್ರದಕ್ಷಿಣೆ ಬಂದರು.

"ಹಸಿ ಸೌದೆಗ ಗಾಳಿ ಬೇಕು ಮಗಾ. ಮೇಲೆ ಮಾತ್ರ ಮುಚ್ಚು."

"ಮಿಲಿಟರಿಲಿ ಲಾರಿಗ ಹಿಂಗೇ ಮುಚ್ಚೋದು ಹೆತ್ತೆ."

"ಲಾರಿ ಹಸಿ ಮರ ಅಲ್ಲ ಮಗಾ," ಎಂದು ಅವರು ಹೊರಟುಹೋದರು. ಓದುಬರಹ ಇಲ್ಲದವರು, ಪಾಪ ಎಂದುಕೊಂಡೆ.

ಜೂನ್ ಮಳೆಯ ಜೊತೆಗೇ ಮೊಮ್ಮಗಳು ಬಂದಳು. ಮೊದಲ ಸ್ನಾನದ ದಿನ ಹೆತ್ತೆ ನಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ಹಚ್ಚತೊಡಗಿದರು. ನಾನು ಉದ್ಘಾಟನೆಯ ಗತ್ತಿನಲ್ಲಿ ಹೋಗಿ ಹಗ್ಗ ಬಿಚ್ಚಿ ಟಾರ್ಪಾಲು ಎತ್ತಿದೆ. ಒಳಗಿಂದ ಬೆಚ್ಚನೆಯ ಹುಳಿ ವಾಸನೆ ಮುಖಕ್ಕೆ ರಾಚಿತು. ಸೌದೆ ಬೆವೆತು ತೊಟ್ಟಿಕ್ಕುತ್ತಿತ್ತು. ಮೈತುಂಬ ಬೂಷ್ಟು, ಕೆಳಗಿನ ಸಾಲಿನಲ್ಲಿ ಅಣಬೆ. ನಡುವೆ ಒಂದು ಕಪ್ಪೆ ಕೂತಿತ್ತು. ಎದ್ದು ಹೋಗುವ ಲಕ್ಷಣವೇ ಕಾಣಲಿಲ್ಲ.

ಹಿಂದೆಯೇ ಬಂದಿದ್ದ ಹೆಂಡತಿ ಬಗ್ಗಿ ನೋಡಿದಳು. "ಸಾರಿಗ ಅಣಬೆ ಆತು. ನೀರಿಗ ಏನ?"

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಇದ್ದುದರಲ್ಲಿ ಒಣಗಿದವನ್ನು ಆರಿಸಿ ಒಲೆಗೆ ತುರುಕಿ, ವಾರದ ಪೇಪರನ್ನೆಲ್ಲ ಸುಟ್ಟೆ. ಸೌದೆ ತುದಿಯಲ್ಲಿ ನೊರೆ ಕಾರುತ್ತ ಬುಸುಗುಟ್ಟಿತೇ ಹೊರತು ಹೊತ್ತಲಿಲ್ಲ. ಈ ಒಲೆ ಕಟ್ಟಿದವನೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಚ್ಚಲು ತುಂಬಾ ಹೊಗೆಯಾಗಿ ಕೂಸು ಕೆಮ್ಮಿತು. ಮಗಳು ಎಣ್ಣೆ ಮೈಯ ಕೂಸನ್ನು ಸೆರಗಿನಲ್ಲಿ ಸುತ್ತಿ, ಕೊಡೆ ಹಿಡಿದು ಹೆತ್ತೆಯ ಮನೆಗೆ ಓಡಿದಳು. ಹಿಂದೆಯೇ ಹೋದ ಹೆತ್ತೆಯ ಒಂದೇ ಊದಿಗೆ ಅಲ್ಲಿ ಬೆಂಕಿ ಹತ್ತಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನೀರು ಸುರಿಯುವ ಸದ್ದು, ಕೂಸಿನ ಕಿರುಚಾಟ, ಹೆಂಗಸರ ನಗು. ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು.

ಮಾರನೆಯ ದಿನ ಒಟ್ಟಿಲು ಕಿತ್ತು, ಕಲ್ಲಿಟ್ಟು, ಸಂದು ಬಿಟ್ಟು ಮತ್ತೆ ಪೇರಿಸಿದೆ. ಮೇಲೆ ತಗಡು. ಹೆತ್ತೆ ಜಗಲಿಯಲ್ಲಿ ಕೂತು, ಇಳಿಜಾರು ಸಾಲದು, ಇನ್ನೊಂದು ಕಲ್ಲಿಡು ಎಂದು ಹುಕುಂ ಮಾಡುತ್ತಿದ್ದರು. ಅಷ್ಟು ವರ್ಷದ ನೌಕರಿಯಲ್ಲಿ ಯಾವ ಕರ್ನಲ್ಲನಿಗೂ ನಾನು ಅಷ್ಟು ಬೇಗ ಬೇಗ ಹೂಂಗುಟ್ಟಿದವನಲ್ಲ. ಅಂದಿನಿಂದ ಕೂಸಿನ ಸ್ನಾನಕ್ಕೆಲ್ಲ ಅವರದೇ ಸೌದೆ; ಹೊತ್ತು ತರುವುದು ಮಾತ್ರ ನನ್ನ ಪಾಲು. ದಿನಾ ನನ್ನ ಒಟ್ಟಿಲಿನಿಂದ ಎರಡು ತುಂಡು ತೆಗೆದು ಒಂದಕ್ಕೊಂದು ತಾಕಿಸಿ ನೋಡುತ್ತಿದ್ದೆ. ಹಸಿಯಿದ್ದರೆ ದಬ್ ಅನ್ನುತ್ತದೆ, ಒಣಗಿದ್ದರೆ ಠಣ್ ಅನ್ನುತ್ತದೆ. ಮೂರು ತಿಂಗಳು ದಬ್ ಎಂದೇ ಅಂದಿತು.

ಅಳಿಯ ಕಾರು ತಂದ ಬೆಳಿಗ್ಗೆ ಠಣ್ ಅಂದಿತು. ಆದರೆ ಹೆತ್ತೆಯ ಮನೆಯಲ್ಲಿ ಸ್ನಾನ ಮುಗಿದು ಕೂಸು ಟೊಪ್ಪಿ ಹಾಕಿಕೊಂಡು ಹೊರಟು ನಿಂತಿತ್ತು. ನಾನು ಗೋಣಿಚೀಲದ ತುಂಬ ಸೌದೆ ತುಂಬಿ ತಂದು ಕಾರಿನ ಡಿಕ್ಕಿಗೆ ತಳ್ಳಿದೆ.

"ಅಪ್ಪಾ, ಎಂಗ ಗೂಡಲೂರು ಮನೆಲಿ ಒಲೆಯೇ ಇಲ್ಲೆ," ಎಂದಳು ಮಗಳು.

"ಎನಗ ಗೊತ್ತು."

"ಫಾರೆಸ್ಟ್ ಚೆಕ್‌ಪೋಸ್ಟಿಲಿ ಕೇಳಿದರೆ ಏನ ಹೇಳೋದು ಮಾಮಾ?" ಎಂದ ಅಳಿಯ.

"ಕೂಸಿಗ ನೀರು ಕಾಸೋಕೆ ಅಜ್ಜ ಕೊಟ್ಟದ್ದು ಅಂತ ಹೇಳು," ಎಂದು ಚೀಲವನ್ನು ಇನ್ನಷ್ಟು ಒಳಕ್ಕೆ ಒತ್ತಿದೆ.

ಚೀಲ ಅಡ್ಡವಾಗಿ ಡಿಕ್ಕಿ ಮುಚ್ಚಲಿಲ್ಲ. ಮಗಳು ನನ್ನ ಮುಖವನ್ನೊಮ್ಮೆ ನೋಡಿ, ತನ್ನ ಬಟ್ಟೆಯ ಪೆಟ್ಟಿಗೆಯನ್ನು ಇಳಿಸಿ ಅಮ್ಮನ ಕೈಗೆ ಕೊಟ್ಟಳು. "ಇದ ಆಮೇಲೆ ಕಳಿಸವ್ವೆ," ಎಂದಳು.